ಪಿಸುಮಾತಿಗೆ ಸಿಕ್ಕ ಸ್ವರ

ಬಸ್ ನಿಲ್ದಾಣದ ಮೊದಲ ಮಹಡಿಯಲ್ಲಿ, ಮೂರು ಕಡೆ ಗಾಜಿದ್ದ ಗೂಡಿನಂಥ ಕೋಣೆಯಲ್ಲಿ ಕೂತು ಮೈಕಕ್ಕ ಹತ್ತೊಂಬತ್ತು ವರ್ಷ ಬಸ್ಸುಗಳನ್ನು ಕರೆದಳು, ಕಳಿಸಿಕೊಟ್ಟಳು. ‘ಪ್ರಯಾಣಿಕರ ಗಮನಕ್ಕೆ’ ಎಂದು ಅವಳು ಶುರು ಮಾಡಿದರೆ ಸಾಕು, ಕೆಳಗೆ ಬೆಂಚಿನ ಮೇಲೆ ತೂಕಡಿಸುತ್ತಿದ್ದವರು ಕಣ್ಣುಬಿಟ್ಟು ಚೀಲ ತಡಕಾಡುತ್ತಿದ್ದರು. ಅವಳದು ದೊಡ್ಡ ದನಿಯೇನಲ್ಲ. ಆದರೆ ಒಂದೊಂದು ಅಕ್ಷರವೂ ತೊಳೆದು ಬೋರಲು ಹಾಕಿದ ಲೋಟಗಳ ಹಾಗೆ ಬಿಡಿಬಿಡಿಯಾಗಿ, ಚೊಕ್ಕವಾಗಿ ಬರುತ್ತಿತ್ತು. ಆರನೇ ಪ್ಲಾಟ್‌ಫಾರಂ ಎಂದದ್ದು ಹದಿನಾರು ಎಂದು ಕೇಳಿಸಿ ಯಾರೂ ಬಸ್ಸು ತಪ್ಪಿಸಿಕೊಂಡದ್ದಿಲ್ಲ. ಒಮ್ಮೆ ತರಕಾರಿ ಅಂಗಡಿಯಲ್ಲಿ ಅವಳು ಅರ್ಧ ಕಿಲೋ ಟೊಮೆಟೊ ಕೇಳಿದಾಗ ಹಿಂದೆ ನಿಂತಿದ್ದ ಮುದುಕರೊಬ್ಬರು ಗಾಬರಿಯಿಂದ ಚೀಲ ಎತ್ತಿಕೊಂಡು, ‘ಯಾವ ಪ್ಲಾಟ್‌ಫಾರಂ ಅಂದ್ರಿ?’ ಎಂದು ವಿಚಾರಿಸಿದ್ದರು. ಈ ಕಥೆಯನ್ನು ಮೈಕಕ್ಕ ತಾನೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಳು.

ಮನೆಯಲ್ಲಿ ನಾಲ್ಕು ಜನ. ಗಂಡ ಬಸ್ ಡಿಪೋದ ಟಯರ್ ವಿಭಾಗದಲ್ಲಿದ್ದ. ಮನೆಗೆ ಬೇಕಾದ ಮಾತನ್ನೆಲ್ಲ ಹೆಂಡತಿ ಆಡುತ್ತಾಳೆ ಎಂಬ ಧೈರ್ಯದಿಂದ ತನ್ನ ಪಾಲಿನ ಮಾತನ್ನು ಉಳಿಸಿಕೊಂಡು ಬಂದವನು. ಅತ್ತೆಗೆ ಕಿವಿ ಮಂದವಾಗಿ ಹತ್ತು ವರ್ಷವಾಗಿತ್ತು. ಕಿವಿಯ ಯಂತ್ರ ಕೊಡಿಸಿದ್ದರು, ಆದರೆ ಅದನ್ನು ಹಾಕಿದರೆ ಚಮಚ ಬಿದ್ದರೂ ತಲೆಯೊಳಗೆ ಬಡಿದಂತಾಗುತ್ತದೆ ಎಂದು ಅವರು ಅದನ್ನು ಡಬ್ಬಿಯಲ್ಲೇ ಇಟ್ಟಿದ್ದರು. ಸೊಸೆಯ ಮಾತು ಮಾತ್ರ ಅವರಿಗೆ ಹಾಗೇ ತಿಳಿಯುತ್ತಿತ್ತು. ಈ ಮನೆಯಲ್ಲಿ ಸರಿಯಾಗಿ ಮಾತಾಡುವವಳು ಇವಳೊಬ್ಬಳೇ, ಉಳಿದವರೆಲ್ಲ ಬಾಯಲ್ಲಿ ಹತ್ತಿ ಇಟ್ಟುಕೊಂಡಿದ್ದಾರೆ ಎಂಬುದು ಅವರ ತೀರ್ಮಾನ.

ನಾಲ್ಕನೆಯವನು ಮೈದುನ. ಮೇಲಿನ ಕೋಣೆಯಲ್ಲಿ ಅವನ ವಾಸ. ನೃತ್ಯದ ತರಗತಿಗಳಿಗೆ, ಜಾಹೀರಾತುಗಳಿಗೆ, ನಾಟಕಗಳಿಗೆ ಕಂಪ್ಯೂಟರಿನಲ್ಲಿ ಸಂಗೀತ ಮಾಡಿಕೊಡುವುದು ಅವನ ಕಸುಬು. ಗೋಡೆಗೆಲ್ಲ ದಪ್ಪ ಸ್ಪಂಜು ಹೊಡೆದು, ಬಾಗಿಲಿಗೆ ಹಳೆ ಕಂಬಳಿ ಇಳಿಬಿಟ್ಟು, ಒಂದು ಕೀಬೋರ್ಡು, ಎರಡು ಸ್ಪೀಕರು, ಒಂದು ಮೈಕು, ಮೊಣಕಾಲೆತ್ತರದ ವೈರುಗಳ ನಡುವೆ ಅವನು ದಿನ ಕಳೆಯುತ್ತಿದ್ದ. ದೊಡ್ಡವನಾದರೂ ಇನ್ನೂ ವೈರಿನಲ್ಲಿ ಆಡುತ್ತಾನೆ ಎಂದು ಅತ್ತೆ ಬಂದವರೆದುರಿಗೆಲ್ಲ ಹೇಳುತ್ತಿದ್ದರು.

ಮೈಕಕ್ಕನಿಗೆ ನಲವತ್ತಾರು ತುಂಬಿದ ವರ್ಷ ಕತ್ತಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಗಂಟು ಕೆಟ್ಟದ್ದಲ್ಲ, ಆದರೆ ಬೆಳೆಯುತ್ತಿದೆ, ತೆಗೆಯುವುದೇ ಒಳ್ಳೆಯದು ಎಂದರು ವೈದ್ಯರು. ದನಿಯ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ, ಅಪರೂಪಕ್ಕೆ ಅದಕ್ಕೆ ಪೆಟ್ಟಾಗುವುದುಂಟು ಎಂದೂ ಮೊದಲೇ ಹೇಳಿದ್ದರು. ಆ ಅಪರೂಪ ಇವಳ ಪಾಲಿಗೆ ಬಂತು. ಗಾಯ ಮಾಯಿತು, ಊಟ ಸೇರಿತು, ಬಣ್ಣವೂ ತಿರುಗಿತು. ಬಾಯಿ ತೆರೆದರೆ ಮಾತ್ರ ಗಾಳಿ. ಸೈಕಲ್ ಟ್ಯೂಬಿನಿಂದ ಹೊರಟಂಥ ತೆಳ್ಳನೆಯ ಪಿಸುಮಾತು, ಅದೂ ಎರಡು ಮಾರಿನಾಚೆ ಯಾರಿಗೂ ಮುಟ್ಟುತ್ತಿರಲಿಲ್ಲ.

ಇಲಾಖೆಯವರು ಕೆಲಸ ತೆಗೆಯಲಿಲ್ಲ. ಕೆಳಗೆ ಕಳೆದುಹೋದ ಸಾಮಾನುಗಳ ಕೌಂಟರಿಗೆ ಅವಳನ್ನು ಹಾಕಿದರು. ಬೆಳಗಿನ ಪಾಳಿ, ಮಧ್ಯಾಹ್ನ ಒಂದಕ್ಕೆ ಬಿಡುಗಡೆ. ಕೊಡೆ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ ಕೂತು, ತಲೆಯ ಮೇಲಿನ ಸ್ಪೀಕರಿನಲ್ಲಿ ಹೊಸ ಹುಡುಗಿ ‘ಪ್ರಯಾಣಿಕರ ಗಮನಕ್ಕೆ’ ಎನ್ನುವುದನ್ನು ಅವಳು ಕೇಳಿಸಿಕೊಂಡಳು. ಆ ಹುಡುಗಿ ‘ಪ್ರ’ವನ್ನು ನುಂಗುತ್ತಾಳೆ ಎಂಬುದು ಮೊದಲ ದಿನವೇ ಕಿವಿಗೆ ಬಿತ್ತು. ಹೇಳೋಣವೆಂದರೆ ಹೇಳುವ ದನಿ ಇಲ್ಲ.

ಹೇಳಿದ್ದನ್ನೇ ನಾಲ್ಕು ಸಲ ಹೇಳಿ, ಎದುರಿನವರು ‘ಆಂ? ಆಂ?’ ಎಂದು ಮುಖ ಹತ್ತಿರ ತಂದು, ಕೊನೆಗೆ ಅರ್ಥವಾಗದೆಯೇ ತಲೆಯಾಡಿಸಿ ಹೋಗುವುದನ್ನು ನೋಡಿ ನೋಡಿ ಅವಳಿಗೆ ರೋಸಿಹೋಯಿತು. ಮೂರು ತಿಂಗಳಲ್ಲಿ ಮಾತಾಡುವುದನ್ನೇ ಬಿಟ್ಟಳು. ಬೇಕಾದ್ದನ್ನು ಚೀಟಿಯಲ್ಲಿ ಬರೆದು ತೋರಿಸುತ್ತಿದ್ದಳು. ಅತ್ತೆಯ ಜೊತೆಗಂತೂ ಸಂಬಂಧವೇ ಕಡಿದುಹೋದಂತಾಯಿತು. ಅವರಿಗೆ ಇವಳ ಪಿಸುಮಾತು ಕೇಳದು, ಇವಳ ಚೀಟಿ ಕನ್ನಡಕವಿಲ್ಲದೆ ಕಾಣದು, ಕನ್ನಡಕ ಬೇಕಾದಾಗ ಸಿಗದು. ಇಬ್ಬರು ಹೆಂಗಸರು ಒಂದೇ ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತ ಸುಮ್ಮನೆ ಓಡಾಡುತ್ತಿದ್ದರು.

ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆಯ ಮೇಡಂ ಒಬ್ಬರಿದ್ದರು. ನರ ತಾನಾಗಿ ಚೇತರಿಸಿಕೊಳ್ಳಬಹುದು, ಕೊಳ್ಳದಿರಬಹುದು, ಅದೇನೇ ಆದರೂ ದಿನಕ್ಕೆ ಕಾಲು ಗಂಟೆ ಗಟ್ಟಿಯಾಗಿ ಓದುವ ಅಭ್ಯಾಸ ಬಿಡಬಾರದು ಎಂದು ಅವರು ಕಟ್ಟುನಿಟ್ಟು ಮಾಡಿದರು. ಗಟ್ಟಿಯಾಗಿ ಎಂಬ ಮಾತಿಗೆ ಮೈಕಕ್ಕನಿಗೆ ನಗು ಬಂತು, ಅಳುವೂ ಬಂತು. ಮನೆಯಲ್ಲಿ ಯಾರ ಕಣ್ಣಿಗೂ ಬೀಳದೆ ಓದಬೇಕೆಂದರೆ ಮೈದುನನ ಕೋಣೆಯೇ ಸರಿ. ಮಧ್ಯಾಹ್ನ ಅವನು ನೃತ್ಯದ ಶಾಲೆಗೆ ಹೋಗಿರುತ್ತಿದ್ದ. ಅವಳು ಮೇಲೆ ಹೋಗಿ ಕಂಬಳಿ ಎಳೆದುಕೊಂಡು, ಅವನ ತಿರುಗುವ ಕುರ್ಚಿಯಲ್ಲಿ ಕೂತು ದಿನಪತ್ರಿಕೆ ಓದತೊಡಗಿದಳು.

ಐದನೇ ದಿನವೋ ಆರನೇ ದಿನವೋ, ಹತ್ತೊಂಬತ್ತು ವರ್ಷದ ಅಭ್ಯಾಸ ಕೈಯಲ್ಲಿ ಎದ್ದಿತು. ಓದುವ ಮುಂಚೆ ಎದುರಿಗಿದ್ದ ಮೈಕಿನ ಗುಂಡಿ ಒತ್ತಿಬಿಟ್ಟಳು. ಮೈದುನ ಕಂಪ್ಯೂಟರನ್ನು ಹಾಗೇ ಬಿಟ್ಟು ಹೋಗಿದ್ದ. ಸ್ಪೀಕರಿನಿಂದ ಹೊರಬಂದ ಸದ್ದು ಕೇಳಿ ಅವಳು ಕುರ್ಚಿ ಸಮೇತ ಹಿಂದೆ ಸರಿದಳು. ಕುಕ್ಕರಿನೊಳಗೆ ಹಾವು ಸಿಕ್ಕಿಬಿದ್ದು ಬುಸುಗುಟ್ಟಿದ ಹಾಗಿತ್ತು. ಬುಸ್ ಎಂಬುದು ನಿಂತಿತೆಂದರೆ ಅದರ ಎಕೋ, ಆ ಎಕೋಗೆ ಇನ್ನೊಂದು ಎಕೋ.

ಬೇರೆ ಯಾರಾದರೂ ಆಗಿದ್ದರೆ ಮೈಕು ಆರಿಸಿ ಕೆಳಗಿಳಿಯುತ್ತಿದ್ದರು. ಮೈಕಕ್ಕನಿಗೆ ಸಿಟ್ಟು ಬಂತು. ತನ್ನ ಮಾತಿಗೆ ಇಂಥ ಗತಿ ಯಾರು ತಂದರೆಂದು ಪರದೆಯ ಮೇಲೆ ಕಣ್ಣಾಡಿಸಿದಳು. ಅಲ್ಲಿ ಮೈಕಿನ ಗುರುತಿನ ಮುಂದೆ ಪುಟ್ಟ ಪುಟ್ಟ ಪೆಟ್ಟಿಗೆಗಳು ಎಡದಿಂದ ಬಲಕ್ಕೆ ಸಾಲಾಗಿ ನಿಂತಿದ್ದವು. ಒಂದೊಂದಕ್ಕೂ ಒಂದು ದೀಪ. ದೀಪ ಒತ್ತಿದರೆ ಆ ಪೆಟ್ಟಿಗೆ ಮಲಗುತ್ತದೆ, ಮತ್ತೆ ಒತ್ತಿದರೆ ಏಳುತ್ತದೆ. ಒಂದೊಂದನ್ನೇ ಮಲಗಿಸಿ ಒಂದೊಂದು ವಾಕ್ಯ ಓದಿದಳು. ಒಂದನ್ನು ಮಲಗಿಸಿದಾಗ ಬುಸುಗುಡುವುದು ಅರ್ಧಕ್ಕರ್ಧ ಇಳಿಯಿತು. ಅಷ್ಟರಲ್ಲಿ ಕಂಬಳಿ ಸರಿಸಿ ಮೈದುನ ಒಳಗೆ ಬಂದಿದ್ದ.

ಅವಳು ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ಎದ್ದು ನಿಂತಳು. ಅವನು ಕೂರಿಸಿದ. ಆ ಸಾಲು ಅವಳಿಗಾಗಿ ಮಾಡಿದ್ದಲ್ಲ, ಗಿಟಾರ್ ಸದ್ದಿಗಾಗಿ ಕಟ್ಟಿದ್ದು ಎಂದು ವಿವರಿಸಿದ. ಮೊದಲ ಪೆಟ್ಟಿಗೆ ಸದ್ದನ್ನು ಒರಟು ಮಾಡುತ್ತದೆ, ಎರಡನೆಯದು ಎಕೋ, ಮೂರನೆಯದು ದೊಡ್ಡ ಸಭಾಂಗಣದ ಗುಂಯ್‌ಗುಡುವಿಕೆ, ಅದಕ್ಕೆ ರಿವರ್ಬ್ ಎನ್ನುತ್ತಾರೆ. ಇವನ್ನೆಲ್ಲ ಎಫೆಕ್ಟುಗಳೆಂದು ಕರೆಯುತ್ತಾರೆ, ಒಂದರಿಂದ ಹೊರಟ ಸದ್ದು ಇನ್ನೊಂದಕ್ಕೆ ಹೋಗುತ್ತದೆ, ಆದ್ದರಿಂದ ಯಾವುದು ಮುಂದೆ ಯಾವುದು ಹಿಂದೆ ಎಂಬುದರಲ್ಲೇ ಎಲ್ಲ ಇದೆ ಎಂದ. ಸರದಿ ಸಾಲಿನ ವಿಷಯ ಮೈಕಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೂಕಾಡಬೇಡಿ, ಸಾಲಾಗಿ ಬನ್ನಿ ಎಂದು ಹೇಳುತ್ತಲೇ ಅವಳ ಅರ್ಧ ಆಯಸ್ಸು ಕಳೆದಿತ್ತು.

ಅಂದಿನಿಂದ ಕಾಲು ಗಂಟೆ ಎರಡು ಗಂಟೆಯಾಯಿತು. ನಿಲ್ದಾಣದಲ್ಲಿ ಪ್ರಕಟಣೆ ಬರೆದಿಡುತ್ತಿದ್ದಂಥದ್ದೇ ಉದ್ದನೆಯ ನೋಟ್‌ಬುಕ್ಕು ತಂದು ಕಲಿತದ್ದನ್ನು ಬರೆದಿಟ್ಟಳು. ಗೇಟ್ ಎಂಬುದು ತಾನು ಸುಮ್ಮನಿದ್ದಾಗ ಬಾಗಿಲು ಮುಚ್ಚಿ ಫ್ಯಾನಿನ ಸದ್ದನ್ನು ಹೊರಗೇ ನಿಲ್ಲಿಸುತ್ತದೆ. ಫಿಲ್ಟರ್ ಎಂಬುದು ಕಿರಿಚುವ ಭಾಗವನ್ನು ಸೋಸುತ್ತದೆ. ಕಂಪ್ರೆಸರ್ ದೊಡ್ಡ ಸದ್ದನ್ನು ಅದುಮಿ ಸಣ್ಣದನ್ನು ಮೇಲೆತ್ತುತ್ತದೆ. ಒಂದು ಮಧ್ಯಾಹ್ನ ಎಕೋ ಯಾಕೆ ಸಾಯುತ್ತಿಲ್ಲ ಎಂದು ಅವಳು ಮುಕ್ಕಾಲು ಗಂಟೆ ತಲೆ ಕೆಡಿಸಿಕೊಂಡಳು. ಕೊನೆಗೆ ಕಂಪ್ರೆಸರನ್ನು ಎಕೋದ ಹಿಂದಿನಿಂದ ಎತ್ತಿ ಮುಂದೆ ತಂದಿಟ್ಟಳು. ಈಗ ಮಾತು ಮಾತ್ರ ಮೇಲೆದ್ದಿತು, ಎಕೋ ತನ್ನ ಪಾಡಿಗೆ ತಾನು ದೂರ ಸರಿದು ಕರಗಿತು. ಹಿಂದಿದ್ದಾಗ ಆ ಕಂಪ್ರೆಸರ್ ಸಾಯುತ್ತಿದ್ದ ಎಕೋವನ್ನೂ ಎಬ್ಬಿಸಿ ಎಬ್ಬಿಸಿ ಕೂರಿಸುತ್ತಿತ್ತು. ಇಷ್ಟು ತಿಳಿಯಲು ತನಗೆ ಎರಡು ವರ್ಷ ಬೇಕಾಯಿತು ಎಂದು ಮೈದುನ ಒಪ್ಪಿಕೊಂಡ.

ಆದರೆ ಎಷ್ಟು ಸೋಸಿದರೂ ಪಿಸುಮಾತು ಪಿಸುಮಾತೇ. ಸ್ವರ ಎಂಬುದೇ ಅದರಲ್ಲಿ ಇರಲಿಲ್ಲ. ಒಂದು ದಿನ ಮೈದುನ ಸಾಲಿನ ನಡುವೆ ಹೊಸದೊಂದು ಪೆಟ್ಟಿಗೆ ತಂದಿಟ್ಟ. ವೋಕೋಡರ್ ಎಂದು ಅದರ ಹೆಸರು.

‘ಇದಕ್ಕೆ ನಿಮ್ಮ ಗಂಟಲು ಬೇಡ ಅತ್ತಿಗೆ,’ ಎಂದ. ‘ಸ್ವರವನ್ನ ಕೀಬೋರ್ಡ್ ಕೊಡುತ್ತೆ. ಅಕ್ಷರ ಮಾತ್ರ ನೀವು ಕೊಡಬೇಕು. ಅದಕ್ಕೆ ತುಟಿ, ನಾಲಿಗೆ, ಉಸಿರು ಇದ್ರೆ ಸಾಕು.’

‘ಆ ಮೂರೂ ಇವೆ,’ ಎಂದು ಮೈಕಕ್ಕ ಪಿಸುಗುಟ್ಟಿದಳು.

ಅವನು ಕೀಬೋರ್ಡಿನ ಮೂರು ಮನೆ ಒಟ್ಟಿಗೆ ಒತ್ತಿ ಹಿಡಿದ. ಅವಳು ಬಾಯಿಗೆ ಬಂದದ್ದನ್ನು ಹೇಳಿದಳು, ಬಂದದ್ದು ‘ಪ್ರಯಾಣಿಕರ ಗಮನಕ್ಕೆ’ ಎಂದೇ. ಸ್ಪೀಕರಿನಲ್ಲಿ ಕೀಬೋರ್ಡೇ ಬಾಯಿಬಿಟ್ಟು ಮಾತಾಡಿತು. ‘ಪ್ರ’ ಸ್ಪಷ್ಟ, ‘ಣಿ’ ಸ್ಪಷ್ಟ, ಒತ್ತಕ್ಷರ ಎಲ್ಲೂ ಒಡೆದಿರಲಿಲ್ಲ. ಇದೇ ಪೆಟ್ಟಿಗೆಯಲ್ಲಿ ತಾನು ಮಾತಾಡಿದರೆ ಅರ್ಧಕ್ಕರ್ಧ ಕಲಸುಮೇಲೋಗರವಾಗುತ್ತದೆ ಎಂದು ಮೈದುನ ತೋರಿಸಿದ. ಅವಳಲ್ಲಿ ಉಳಿದದ್ದು ಯಾವುದೋ, ಈ ಯಂತ್ರಕ್ಕೆ ಬೇಕಾದದ್ದೂ ಅದೇ ಆಗಿತ್ತು.

ಅದರ ಹಿಂದೆಯೇ ಅವನಿಗೊಂದು ಯೋಚನೆ ಹೊಳೆಯಿತು. ಹಿಂದೆಂದೋ ಒಂದು ಜಾಹೀರಾತಿಗಾಗಿ ಬಸ್ ನಿಲ್ದಾಣದ ಗದ್ದಲ ರೆಕಾರ್ಡ್ ಮಾಡಿಕೊಂಡಿದ್ದ, ಅದರಲ್ಲಿ ಅವಳ ಹಳೆಯ ದನಿ ಇತ್ತು. ಅದರೊಳಗಿನ ‘ಆ’ಗಳನ್ನು ‘ಈ’ಗಳನ್ನು ಕತ್ತರಿಸಿ, ಕೀಬೋರ್ಡಿನ ಮನೆಗಳಿಗೆ ಹಂಚಿ, ಒಂದು ವಾದ್ಯವನ್ನೇ ಕಟ್ಟಿದ. ಆ ವಾದ್ಯದ ಮೇಲೆ ಅವಳು ಪಿಸುಗುಟ್ಟಿದಾಗ ಬಂದದ್ದು ಹೆಚ್ಚುಕಡಿಮೆ ಅವಳದೇ ಹಿಂದಿನ ಮಾತು. ಮೂರು ದಿನ ಅವಳು ಅದನ್ನು ಬಿಟ್ಟೇಳಲಿಲ್ಲ. ಮೂರನೇ ದಿನ ಗಂಡ ಕೆಲಸದಿಂದ ಬಂದವನು ಆ ದನಿ ಕೇಳಿ ಮೆಟ್ಟಿಲು ಹತ್ತಿ ಬಂದ, ಒದ್ದೆ ಕೈಯಲ್ಲಿ ಟವೆಲ್ ಹಿಡಿದು ಬಾಗಿಲಲ್ಲಿ ನಿಂತ, ಹಾಗೇ ಇಳಿದುಹೋದ. ಊಟಕ್ಕೆ ಕೂತಾಗಲೂ ತಲೆ ಎತ್ತಲಿಲ್ಲ.

ಮರುದಿನ ಬೆಳಗ್ಗೆ ಇಬ್ಬರೂ ಒಟ್ಟಿಗೆ ಕೆಲಸಕ್ಕೆ ಹೊರಟಾಗ ಅವನು ನಡುದಾರಿಯಲ್ಲಿ ಬಾಯಿಬಿಟ್ಟ.

‘ಅದು ಚೆನ್ನಾಗಿತ್ತು. ಆದ್ರೆ ನಾನು ಈಗಿನ ನಿನ್ನ ದನಿಗೆ ಕಿವಿ ಹೊಂದಿಸ್ಕೊಂಡಿದೀನಿ. ಮತ್ತೆ ಆ ಕಡೆಗೆ ಹೋಗಿ ಬರೋದು ನನ್ನಿಂದಾಗಲ್ಲ.’

ಹೆಂಡತಿಯ ಪಿಸುಮಾತನ್ನು ಒಂದೇ ಸಲಕ್ಕೆ ಅರ್ಥ ಮಾಡಿಕೊಳ್ಳುವವನು ಇಡೀ ಊರಿನಲ್ಲಿ ತಾನೊಬ್ಬನೇ ಎಂಬುದನ್ನು ಅವನು ಯಾವತ್ತೂ ಹೇಳಿಕೊಂಡಿರಲಿಲ್ಲ. ಮೈಕಕ್ಕನಿಗೂ ಆಗಲೇ ಅದು ಗಮನಕ್ಕೆ ಬಂದದ್ದು. ಅವನ ಜೊತೆ ಅವಳು ಚೀಟಿ ಬರೆದದ್ದೇ ಇರಲಿಲ್ಲ. ಆ ಮಧ್ಯಾಹ್ನ ಹಳೆ ದನಿಯ ವಾದ್ಯವನ್ನು ಅಳಿಸಲಿಲ್ಲ, ಬೇರೆ ಕಡೆ ತೆಗೆದಿಟ್ಟಳು.

ಹೀಗಿರುವಾಗ ನಾಟಕದ ಕೆಲಸವೊಂದು ಬಂತು. ಊರಿನ ಹವ್ಯಾಸಿ ತಂಡವನ್ನು ನಡೆಸುತ್ತಿದ್ದವರು ಶಾಲೆಯಿಂದ ನಿವೃತ್ತರಾದ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲೂ ಹೆಡ್‌ಮಿಸ್. ಅವರ ಹೊಸ ನಾಟಕದಲ್ಲಿ ಮುಚ್ಚಿಹೋದ ನೂಲಿನ ಗಿರಣಿಗೆ ಹಳೆಯ ಕೆಲಸಗಾರನೊಬ್ಬ ಒಂದು ದಿನ ಹಿಂದಿರುಗುತ್ತಾನೆ, ಆ ಗಿರಣಿಯ ಗೋಡೆ ಅವನ ಜೊತೆ ಮಾತಾಡುತ್ತದೆ. ಗೋಡೆಗೆ ದನಿ ಬೇಕು. ಮೈದುನ ಮೂರು ಸಲ ಮಾಡಿ ಕೊಟ್ಟ, ಮೂರು ಸಲವೂ ವಾಪಸ್ಸು. ಮೊದಲನೆಯದು ಜಾಹೀರಾತಿನ ರಾಕ್ಷಸ ಎಂದರು ಹೆಡ್‌ಮಿಸ್. ಎರಡನೆಯದು ಲಿಫ್ಟಿನೊಳಗೆ ಮಹಡಿ ಹೇಳುವ ಹೆಂಗಸು. ಮೂರನೆಯದನ್ನು ಕೇಳಿ ಅವರು ಏನೂ ಹೇಳದೆ ಕನ್ನಡಕ ಒರೆಸಿಕೊಂಡರಂತೆ, ಅದೇ ಹೆಚ್ಚು ನೋವಾಯಿತು ಎಂದು ಮೈದುನ ತಲೆ ಮೇಲೆ ಕೈಹೊತ್ತು ಕೂತ.

ತಾನೊಮ್ಮೆ ನೋಡುತ್ತೇನೆ ಎಂದಳು ಮೈಕಕ್ಕ. ಕಳೆದುಹೋದ ಸಾಮಾನುಗಳ ನಡುವೆ ಒಂದು ವರ್ಷ ಬಾಯಿ ಮುಚ್ಚಿಕೊಂಡು ಕೂತವಳಿಗೆ ಮುಚ್ಚಿದ ಗಿರಣಿಯ ಗೋಡೆ ಏನು ಹೇಳುತ್ತದೆಂದು ತಿಳಿದಂತಿತ್ತು. ಅದು ಗುಡುಗುವುದಿಲ್ಲ. ಯಾರಾದರೂ ಹತ್ತಿರ ಬಂದರೆ ಮಾತ್ರ ಬಾಯಿ ತೆರೆಯುತ್ತದೆ. ಆದರೆ ಕೀಬೋರ್ಡಿನ ಸಿದ್ಧ ಸ್ವರಗಳು ಯಾವುವೂ ಅದಕ್ಕೆ ಒಗ್ಗಲಿಲ್ಲ. ಕಬ್ಬಿಣದ ಗುಣ ಬೇಕು, ಆದರೆ ಗಂಟೆಯ ಹಾಗೆ ಕೇಳಬಾರದು ಎಂದು ಗಂಡನ ಮುಂದೆ ಹೇಳಿಕೊಂಡಾಗ ಅವನು, ಭಾನುವಾರ ಅತ್ತಿಗೆ ಮೈದುನ ಇಬ್ಬರೂ ಡಿಪೋಗೆ ಬನ್ನಿ ಎಂದ.

ಬಸ್ಸಿನ ಗಾಲಿಯ ರಿಮ್ಮಿನಲ್ಲಿ ಬಿರುಕಿದೆಯೇ ಎಂದು ತಿಳಿಯಲು ಅವನು ದಿನವೂ ಸ್ಪ್ಯಾನರಿನಿಂದ ತಟ್ಟಿ ನೋಡುತ್ತಿದ್ದವನು. ಗಟ್ಟಿ ರಿಮ್ಮು ಒಂದು ರೀತಿ ಹಾಡುತ್ತದೆ, ಬಿರುಕಿನದು ಇನ್ನೊಂದು ರೀತಿ. ಖಾಲಿ ಶೆಡ್ಡಿನಲ್ಲಿ ಹನ್ನೊಂದು ರಿಮ್ಮುಗಳನ್ನು ಸಾಲಾಗಿ ಒರಗಿಸಿ ಒಂದೊಂದನ್ನೇ ತಟ್ಟುತ್ತ ಬಂದ, ಎಂಟನೆಯದರ ಮುಂದೆ ನಿಂತ. ಅದರಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಸದ್ದು ಗಂಟೆಯಂತೆ ಹೊರಟು ಅರ್ಧದಲ್ಲೇ ಗಂಟಲು ಕಟ್ಟಿದಂತೆ ಮಸುಕಾಗುತ್ತಿತ್ತು. ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ಮೈದುನ ಮೈಕು ಹಿಡಿದ. ಆ ಸದ್ದನ್ನು ಕೋಣೆಗೆ ತಂದು, ಹಿಗ್ಗಿಸಿ ಉದ್ದ ಮಾಡಿ, ತೀರ ಕೆಳಗಿನ ಸ್ವರಗಳಿಗೆ ಇಳಿಸಿ ಕೀಬೋರ್ಡಿಗೆ ಹಂಚಿದರು. ಒಂದು ಕಡೆಯಿಂದ ರಿಮ್ಮಿನ ವಾದ್ಯ, ಇನ್ನೊಂದು ಕಡೆಯಿಂದ ಗೇಟು, ಫಿಲ್ಟರು, ಕಂಪ್ರೆಸರು ದಾಟಿ ಬಂದ ಪಿಸುಮಾತು, ಎರಡೂ ವೋಕೋಡರಿನಲ್ಲಿ ಕೂಡಿದವು.

ಕೇಳಿಸಿಕೊಂಡ ಹೆಡ್‌ಮಿಸ್ ಈ ಸಲವೂ ಕನ್ನಡಕ ತೆಗೆದರು. ಆದರೆ ಒರೆಸಿಕೊಂಡದ್ದು ಕಣ್ಣು. ಇದನ್ನು ರೆಕಾರ್ಡ್ ಹಾಕುವುದು ಬೇಡ, ನಟ ಉಸಿರು ಬಿಟ್ಟಾಗ ಗೋಡೆಯೂ ಉಸಿರು ಬಿಡಬೇಕು, ಆಕೆ ಪರದೆಯ ಪಕ್ಕದಲ್ಲಿ ಕೂತು ಅಲ್ಲೇ ಮಾತಾಡಲಿ ಎಂದು ತೀರ್ಪು ಕೊಟ್ಟರು.

ಅಲ್ಲಿಗೆ ಕಷ್ಟ ಶುರುವಾಯಿತು. ಪ್ರದರ್ಶನಕ್ಕೆ ನಾಲ್ಕು ದಿನವಿದ್ದಾಗ ನಾಟಕದ ಹಾಲಿನಲ್ಲಿ ಎಲ್ಲ ಜೋಡಿಸಿ ಮೈಕು ತೆರೆದರೆ, ಕಿವಿ ಹರಿದುಹೋಗುವಂಥ ಊಳು. ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಬಿದ್ದು ಗಿರಗಿರನೆ ಸುತ್ತುತ್ತಿತ್ತು. ಮೈದುನ ಬೆವರಿಹೋದ. ಮನೆಯಲ್ಲಿ ಅವನು ಉತ್ಸಾಹದಿಂದ ಒಂದೊಂದಾಗಿ ಸೇರಿಸುತ್ತ ಹೋಗಿ ಸಾಲು ಒಂಬತ್ತು ಪೆಟ್ಟಿಗೆಗೆ ಬೆಳೆದಿತ್ತು. ಈಗ ಊಳು ತಡೆಯಲು ಹತ್ತನೆಯದನ್ನು ಹುಡುಕುತ್ತಿದ್ದ. ನಟರು ಕಿವಿ ಮುಚ್ಚಿಕೊಂಡು ನಿಂತಿದ್ದರು. ರೆಕಾರ್ಡೇ ಹಾಕಿಬಿಡೋಣವೇ ಎಂದು ಯಾರೋ ಮೆಲ್ಲಗೆ ಕೇಳಿದ್ದು ಮೈಕಕ್ಕನ ಕಿವಿಗೆ ಬಿತ್ತು.

ಊಳು ಅವಳಿಗೆ ಹೊಸದಲ್ಲ. ಮೂರನೇ ಪ್ಲಾಟ್‌ಫಾರಮಿನ ಸ್ಪೀಕರು ಹತ್ತೊಂಬತ್ತು ವರ್ಷ ಅವಳ ಜೊತೆ ಇದೇ ಜಗಳ ಆಡಿತ್ತು. ಅವಳು ಮೈದುನನ ತೋಳು ಹಿಡಿದು ಕೂರಿಸಿ, ಅವನ ಕಿವಿಯ ಹತ್ತಿರ ಬಾಯಿಟ್ಟಳು.

‘ಸೇರಿಸ್ಬೇಡ. ತೆಗಿ. ಹಾಲಿಗೇ ಅದರದ್ದೊಂದು ಗುಂಯ್ ಇದೆ, ನಿನ್ನ ರಿವರ್ಬ್ ಯಾಕೆ? ಮೊದಲು ಅದನ್ನ ತೆಗಿ.’

ರಿವರ್ಬ್ ಹೋಯಿತು. ಒರಟು ಮಾಡುವ ಪೆಟ್ಟಿಗೆ ಹೋಯಿತು. ದನಿಯನ್ನು ಅಗಲ ಮಾಡಲು ಹಾಕಿದ್ದ ಎರಡೂ ಹೋದವು. ಕಂಪ್ರೆಸರ್ ಹಾಲಿನ ಸಣ್ಣ ಸದ್ದನ್ನೆಲ್ಲ ಮೇಲೆತ್ತಿ ಮೈಕಿಗೆ ತಿನ್ನಿಸುತ್ತಿತ್ತು, ಅದರ ಕೈಯನ್ನು ಅರ್ಧಕ್ಕೆ ಇಳಿಸಿದರು. ಸ್ಪೀಕರುಗಳನ್ನು ಅವಳಿಗಿಂತ ಮುಂದೆ ಎಳೆಸಿದಳು, ಮೈಕನ್ನು ತುಟಿಗೆ ತಾಗುವಷ್ಟು ಹತ್ತಿರ ತಂದಳು. ಸಂಜೆಯಾಗುವ ಹೊತ್ತಿಗೆ ಸಾಲಿನಲ್ಲಿ ಉಳಿದದ್ದು ಐದು. ಊಳು ನಿಂತಿತು. ಗೋಡೆಯ ದನಿ ಮನೆಯಲ್ಲಿದ್ದಕ್ಕಿಂತ ಬರಿದಾಗಿತ್ತು. ಕೊನೆಯ ಸಾಲಿನಲ್ಲಿ ಕೂತಿದ್ದ ಹೆಡ್‌ಮಿಸ್ ಎರಡು ಕೈಯನ್ನೂ ಮೇಲೆತ್ತಿ, ಕೇಳುತ್ತಿದೆ ಎಂದು ಸನ್ನೆ ಮಾಡಿದರು.

ಪ್ರದರ್ಶನ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ. ಸಭಾಂಗಣ ತುಂಬಿತ್ತು. ಮೈಕಕ್ಕ ಪರದೆಯ ಪಕ್ಕದಲ್ಲಿ ಎಡಗೈ ಕೀಬೋರ್ಡಿನ ಮೇಲೆ, ಬಲಗೈ ನಾಲ್ಕು ತಿರುಗುಗುಂಡಿಗಳ ಮೇಲೆ ಇಟ್ಟು ಕೂತಳು. ಮೊದಲ ಮಾತು ಹೊರಟಾಗ ಹಾಲಿನಲ್ಲಿ ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿದರು.

ಕೆಲಸಗಾರನ ಪಾತ್ರ ಮಾಡುತ್ತಿದ್ದವರು ನಿವೃತ್ತ ಅಂಚೆಯವರು, ಮೂವತ್ತು ವರ್ಷ ರಂಗದ ಮೇಲೆ ಮಾತು ತಪ್ಪದವರು. ಮೂರನೇ ದೃಶ್ಯದಲ್ಲಿ ಅವರು ಗೋಡೆಯ ಮುಂದೆ ಬಂದು ನಿಂತರು, ಬಾಯಿ ತೆರೆದರು, ಹಾಗೇ ನಿಂತರು. ಒಂದು ಗಳಿಗೆ ಅದು ಅಭಿನಯ ಎಂದುಕೊಂಡಳು ಮೈಕಕ್ಕ. ಆಮೇಲೆ ಅವರ ಕಣ್ಣು ಕಂಡಿತು. ಮಾತು ಬರಬೇಕಾದ ಜಾಗಕ್ಕೆ ಬರದೆ ಹೋದಾಗ ಮನುಷ್ಯನ ಕಣ್ಣು ಹೇಗಿರುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆ ಕಡೆಯ ಪರದೆಯಿಂದ ಯಾರೋ ಪಿಸುಗುಟ್ಟಿ ನೆನಪಿಸುತ್ತಿದ್ದರು, ಅದು ಅವರಿಗೆ ಮುಟ್ಟುತ್ತಿರಲಿಲ್ಲ.

ಅವಳು ಎಡಗೈಯಲ್ಲಿ ಅತ್ಯಂತ ಕೆಳಗಿನ ಮನೆಗಳನ್ನು ಒತ್ತಿದಳು.

‘ನಿಧಾನ,’ ಎಂದಿತು ಗೋಡೆ. ‘ನನಗೂ ಮರೆವಿದೆ. ನೀನು ಬಂದ ಮೊದಲ ದಿನ ನಿನ್ನ ಅಪ್ಪ ನಿನ್ನ ಕೈ ಹಿಡಿದುಕೊಂಡಿದ್ದ. ಯಾವ ಬಾಗಿಲಿಂದ ಬಂದಿರಿ?’

ಇದು ನಾಟಕದಲ್ಲಿ ಇರಲಿಲ್ಲ. ಅಂಚೆಯವರು ಗೋಡೆಯತ್ತ ತಿರುಗಿ, ನಿಜಕ್ಕೂ ಅದು ಕೇಳಿತೇನೋ ಎಂಬಂತೆ ನೋಡಿ, ‘ಉತ್ತರದ ಬಾಗಿಲು’ ಎಂದರು. ಅಲ್ಲಿಂದ ಎಳೆ ಸಿಕ್ಕಿತು, ಉಳಿದದ್ದು ನೀರಿನಂತೆ ಹರಿಯಿತು. ಪ್ರೇಕ್ಷಕರಿಗೆ ಏನೂ ತಿಳಿಯಲಿಲ್ಲ. ಆ ಜಾಗದಲ್ಲಿ ಅತ್ತವರೂ ಇದ್ದರು. ನಾಟಕ ಮುಗಿದ ಮೇಲೆ ಅಂಚೆಯವರು ಬಣ್ಣದ ಮುಖದಲ್ಲೇ ಬಂದು ಅವಳ ಎರಡೂ ಕೈ ಹಿಡಿದುಕೊಂಡರು. ಮುಂದಿನ ಪ್ರದರ್ಶನಗಳಿಗೆ ಆ ಮಾತುಗಳನ್ನು ನಾಟಕದೊಳಗೇ ಸೇರಿಸಿಬಿಟ್ಟರು ಹೆಡ್‌ಮಿಸ್.

ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ ಮನೆಗೆ ಬರುವ ದಾರಿಯುದ್ದಕ್ಕೂ ಹೊಗಳಿದ್ದು ಗೋಡೆಯನ್ನು. ನಟರೆಲ್ಲ ಏನೇನೋ ಗೊಣಗಿದರು, ಗೋಡೆಯೊಂದೇ ಸರಿಯಾಗಿ ಮಾತಾಡಿದ್ದು, ಒಂದಕ್ಷರ ತಪ್ಪಲಿಲ್ಲ ಎಂದರು. ಅದು ನಿಮ್ಮ ಸೊಸೆಯೇ ಎಂದು ಹೋಗುವಾಗಲೇ ಎರಡು ಸಲ ಹೇಳಿದ್ದರು, ಹೇಳಿದ್ದು ಅವರಿಗೆ ಕೇಳಿಸಿರಲಿಲ್ಲ ಅಷ್ಟೆ. ಮೈದುನ ಅಲ್ಲೇ ನಿಂತುಬಿಟ್ಟ. ಅಮ್ಮನ ಕಿವಿಗೆ ಕೇಳದೆ ಹೋಗಿರುವುದು ತೆಳ್ಳನೆಯ ಮೇಲಿನ ಸ್ವರದ ಸದ್ದುಗಳು, ಅತ್ತಿಗೆಯ ಪಿಸುಮಾತು ಪೂರ್ತಿ ಅದೇ, ರಿಮ್ಮಿನ ಸದ್ದು ಕೆಳಗಿನದು, ಅದಕ್ಕೇ ಕೇಳಿಸಿದೆ ಎಂದು ಲೆಕ್ಕ ಹಾಕಿದ.

ವಾರದೊಳಗೆ ಅಡುಗೆಮನೆಯ ಕಟ್ಟೆಯ ಮೂಲೆಗೆ ಅವನ ಹಳೆಯ ಲ್ಯಾಪ್‌ಟಾಪ್ ಬಂತು. ಮೈಕಕ್ಕನ ಕೊರಳಿಗೆ ಪುಟ್ಟ ಮೈಕು, ಅತ್ತೆಯ ತಲೆಗೆ ಹೆಡ್‌ಫೋನು. ನಡುವಿನ ಸಾಲನ್ನು ಮೈಕಕ್ಕನೇ ಕಟ್ಟಿದಳು, ಬರೀ ನಾಲ್ಕು ಪೆಟ್ಟಿಗೆ, ಎಕೋ ಇಲ್ಲ. ಒಂದು ವರ್ಷದ ನಂತರ ಅತ್ತೆ ಸೊಸೆ ಆಡಿದ ಮೊದಲ ಮಾತನ್ನು ಮೈದುನ ಈಗಲೂ ಅನುಕರಿಸಿ ತೋರಿಸುತ್ತಾನೆ.

‘ಅತ್ತೆ, ನೀವು ಎಲ್ಲದಕ್ಕೂ ಉಪ್ಪು ಜಾಸ್ತಿ ಹಾಕ್ತಿದೀರಿ ಅಂತ ಎಷ್ಟು ಚೀಟಿ ಬರೆದೆ, ಓದಲಿಲ್ವಾ?’

‘ಓದಿದೆ,’ ಎಂದರು ಅತ್ತೆ. ‘ನೀನು ಬಾಯಿಬಿಟ್ಟು ಹೇಳಲಿ ಅಂತ ಸುಮ್ಮನಿದ್ದೆ.’

ಅದು ನಿಜವೋ, ಸೋಲು ಒಪ್ಪದ ಮಾತೋ, ಮೈಕಕ್ಕ ಕೆದಕಲು ಹೋಗಲಿಲ್ಲ. ಗಾಜಿನ ಕೋಣೆಗೆ ಅವಳು ಹಿಂದಿರುಗಲಿಲ್ಲ, ನರವೂ ಚೇತರಿಸಿಕೊಳ್ಳಲಿಲ್ಲ. ಬೆಳಗ್ಗೆ ಕೌಂಟರು, ಮಧ್ಯಾಹ್ನ ಮೇಲಿನ ಕೋಣೆ. ಪ್ರಕಟಣೆಯ ಹೊಸ ಹುಡುಗಿ ಬಿಡುವಿನಲ್ಲಿ ಇಳಿದು ಬಂದು ‘ಪ್ರ’ ಅಭ್ಯಾಸ ಮಾಡಿಕೊಂಡು ಹೋಗುತ್ತಾಳೆ. ಆ ವರ್ಷ ಇನ್ನೂ ಎರಡು ತಂಡದವರು ಅವಳನ್ನು ಕರೆದರು. ಒಂದರಲ್ಲಿ ಅವಳು ನದಿ, ಇನ್ನೊಂದರಲ್ಲಿ ನಿಂತುಹೋದ ರೈಲು.

ಚಿಕಿತ್ಸೆಯ ಮೇಡಂ ನಾಟಕ ನೋಡಿದ್ದರು. ತಮ್ಮ ಬಳಿ ಬರುವವರಿಗೆ ವಾರಕ್ಕೊಮ್ಮೆ ಇದನ್ನು ತೋರಿಸಿಕೊಡಲಾದೀತೇ ಎಂದು ಕೇಳಿದರು. ತಾನು ಕಲಿಸುವಷ್ಟು ಕಲಿತಿಲ್ಲ ಎಂದು ಮೈಕಕ್ಕ ಹಿಂಜರಿದಳು, ಹಿಂಜರಿಯುತ್ತಲೇ ನೋಟ್‌ಬುಕ್ಕು ಚೀಲಕ್ಕೆ ಹಾಕಿಕೊಂಡು ಹೋದಳು. ಆಸ್ಪತ್ರೆಯ ಹಿಂಭಾಗದ ಕೋಣೆಯಲ್ಲಿ ಒಂದು ಮೇಜು, ಸುತ್ತ ನಾಲ್ಕು ಜನ. ಅವರಲ್ಲಿ ಒಬ್ಬರು ಹಣ್ಣಿನ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರು, ಗಂಟಲಿನ ಕಾಯಿಲೆಯಿಂದ ದನಿ ಕಳೆದುಕೊಂಡಿದ್ದರು. ತಮಗೆ ಗುಡುಗಿನಂಥ ಸದ್ದೇ ಬೇಕು, ಎಲ್ಲ ಪೆಟ್ಟಿಗೆಗಳನ್ನೂ ಹಾಕಿ ಎಂದು ಅವರು ಸನ್ನೆಯಲ್ಲೇ ಹಟ ಹಿಡಿದರು. ಗುಡುಗು ಆಮೇಲೆ, ಮೊದಲು ಗೇಟು ಎಂದು ಮೈಕಕ್ಕ ಪಟ್ಟು ಬಿಡಲಿಲ್ಲ. ಇನ್ನೊಂದು ತುದಿಯಲ್ಲಿ ಲೈಬ್ರರಿಯ ಹೆಂಗಸೊಬ್ಬಳು ಕೈಕಟ್ಟಿ ಕೂತಿದ್ದಳು. ಮೂರು ತಿಂಗಳಿಂದ ಅವಳು ಯಾರ ಜೊತೆಗೂ, ಬರೆದು ಕೂಡ, ಒಂದು ಮಾತಾಡಿರಲಿಲ್ಲ ಎಂದು ಮೇಡಂ ಮೊದಲೇ ಹೇಳಿದ್ದರು.

ನಾಲ್ಕನೇ ವಾರ ಹರಾಜಿನವರ ಸಾಲು ಸಿದ್ಧವಾಯಿತು. ಅವರು ಕುರ್ಚಿಯಿಂದ ಎದ್ದು ನಿಂತು, ಮೇಜಿನ ಮೇಲಿದ್ದ ಯಾರದೋ ನೀರಿನ ಬಾಟಲಿಯನ್ನು ಹರಾಜಿಗಿಟ್ಟ ಹಾಗೆ ಎತ್ತಿ ಹಿಡಿದು, ಮೈಕನ್ನು ತುಟಿಗೆ ತಂದರು. ಮೈಕಕ್ಕ ಕೀಬೋರ್ಡ್ ಒತ್ತಿ ಹಿಡಿದಳು.

‘ಒಂದನೇ ಸಲ,’ ಎಂದಿತು ಸ್ಪೀಕರು, ಗಡುಸಾಗಿ, ಸ್ಪಷ್ಟವಾಗಿ. ಹರಾಜಿನವರು ಬೆಚ್ಚಿ ಸುತ್ತ ನೋಡಿದರು. ಆಮೇಲೆ ಎದೆ ಸೆಟೆಸಿದರು. ‘ಎರಡನೇ ಸಲ.’

ಲೈಬ್ರರಿಯವಳು ಕಟ್ಟಿದ್ದ ಕೈ ಬಿಚ್ಚಿ, ನಿಧಾನವಾಗಿ ಒಂದು ಬೆರಳು ಮೇಲೆತ್ತಿದಳು.